ಈ ಸಲದ ಕಾಫಿ, ಹೊಸ ದರ ಮತ್ತು ನೇಪಾಳದಿಂದ ಬಂದವರ ಬಗ್ಗೆ

ನಮಸ್ಕಾರ,

ಡಿಸೆಂಬರ್ 1ರಿಂದ ನಮ್ಮ ಅರ್ಧ ಕೆಜಿ ಕಾಫಿಪುಡಿ ಪ್ಯಾಕೆಟ್‌ಗೆ 45 ರೂಪಾಯಿ ಜಾಸ್ತಿಯಾಗುತ್ತದೆ. ಹೊಸ ಬೆಳೆಯ ಪುಡಿ ಫೆಬ್ರವರಿಯಲ್ಲಿ ಬರುವ ಬದಲು ಮಾರ್ಚ್ ಮಧ್ಯಕ್ಕೆ ನಿಮ್ಮ ಕೈ ಸೇರುತ್ತದೆ. ಎರಡಕ್ಕೂ ಕಾರಣ ಒಂದೇ. ತೋಟದ ಕೆಲಸಕ್ಕೆ ಇದ್ದ ಜನ ಸಾಲದೆ ಈ ಸಲ ನೇಪಾಳದಿಂದ ಒಂದು ತಂಡವನ್ನು ಕರೆಸಿಕೊಂಡಿದ್ದೇವೆ. ವಾಟ್ಸಾಪ್‌ನಲ್ಲಿ ಆಗಲೇ ಪ್ರಶ್ನೆಗಳು ಬರುತ್ತಿವೆ. "ಹೊರದೇಶದವರೇ ಬೇಕಿತ್ತಾ?" "ಕಡಿಮೆ ಕೂಲಿಗೆ ಸಿಗ್ತಾರಾ?" "ನಿಜವಾಗಿ ನೇಪಾಳದವರೇನಾ, ಬೇರೆ ಕಡೆಯವರಾ?" ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಜನ ಯಾಕಿಲ್ಲ ಅನ್ನುವುದು. ನಮ್ಮ ಸಂಘದಲ್ಲಿರುವುದು ಕೊಡಗಿನ ಮಾದಾಪುರ, ಸುಂಟಿಕೊಪ್ಪ ಸುತ್ತಮುತ್ತ ಕಾಫಿ ಬೆಳೆಯುವ ಇಪ್ಪತ್ತು ಚಿಲ್ಲರೆ ಮನೆಯವರು. ಒಬ್ಬೊಬ್ಬರಿಗೆ ಮೂರರಿಂದ ಎಂಟು ಎಕರೆ. ದೊಡ್ಡ ಎಸ್ಟೇಟ್‌ಗಳಲ್ಲಿ ಆಳುಗಳು ಇರಲು ಸಾಲಾಗಿ ಕಟ್ಟಿದ ಲೈನ್ ಮನೆ ಇದೆ, ಕೆಲಸ ನೋಡಿಕೊಳ್ಳುವ ರೈಟರ್ ಇದ್ದಾರೆ, ವರ್ಷವಿಡೀ ಏನಾದರೊಂದು ಕೆಲಸ ಇರುತ್ತದೆ, ಹಾಗಾಗಿ ಜನ ಅಲ್ಲಿ ನಿಲ್ಲುತ್ತಾರೆ. ನಮಗೆ ಆಳು ಬೇಕಾಗುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ, ಇಡೀ ಜಿಲ್ಲೆಗೆ ಬೇಕಾಗುವುದೂ ಅದೇ ತಿಂಗಳುಗಳಲ್ಲಿ. ಹಿಂದೆ ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ ಬೆಳಿಗ್ಗೆ ಜೀಪು ತುಂಬ ಜನ ಬರುತ್ತಿದ್ದರು. ಅವರ ಮಕ್ಕಳು ಈಗ ಮೈಸೂರು, ಬೆಂಗಳೂರಲ್ಲಿ ಇದ್ದಾರೆ. ನಮ್ಮ ಮಕ್ಕಳೂ ಅಲ್ಲೇ ಇದ್ದಾರೆ, ಹಾಗಿರುವಾಗ ಯಾರನ್ನು ದೂರುವುದು? ಸರ್ಕಾರ ಅಕ್ಕಿ ಪುಕ್ಕಟೆ ಕೊಟ್ಟು ಜನರನ್ನು ಸೋಮಾರಿ ಮಾಡಿತು ಅಂತ ನಮ್ಮ ಮೀಟಿಂಗ್‌ನಲ್ಲೇ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಜಿಗಣೆ ಕಚ್ಚಿಸಿಕೊಂಡು, ಆನೆ ಬಂತಾ ಅಂತ ಕಿವಿ ನೆಟ್ಟಗೆ ಮಾಡಿಕೊಂಡು ಇಳಿಜಾರಿನಲ್ಲಿ ದಿನವಿಡೀ ನಿಲ್ಲುವ ಕೆಲಸಕ್ಕೆ ಮಗ ಬೇಡ ಅಂತ ಯಾವ ಅಪ್ಪ ಅಮ್ಮನಾದರೂ ಅಂದುಕೊಂಡರೆ ಅದು ಸೋಮಾರಿತನ ಅಲ್ಲ ಅಲ್ವಾ?

ಕೆಲವು ವರ್ಷಗಳಿಂದ ಅಸ್ಸಾಂ, ಬಂಗಾಳದವರನ್ನು ನಂಬಿಕೊಂಡು ಕುಯ್ಲು ಮಾಡುತ್ತಿದ್ದೆವು. ಒಳ್ಳೆಯ ಕೆಲಸಗಾರರು. ಆದರೆ ರೊಬಸ್ಟಾ ಜಾತಿಯ ಕಾಫಿ ಹಣ್ಣಾಗಿ ನಿಂತಿರುವಾಗಲೇ, ಜನವರಿ ಮಧ್ಯಕ್ಕೆ, ಅಸ್ಸಾಮಿನವರ ಬಿಹು ಹಬ್ಬ ಬರುತ್ತದೆ. ಚುನಾವಣೆ ಬಂದರಂತೂ ಕೇಳಲೇಬೇಡಿ. 2021ರಲ್ಲಿ ಆ ಎರಡೂ ರಾಜ್ಯಗಳ ಮತದಾನ ಮಾರ್ಚ್ 27ಕ್ಕೆ ಶುರುವಾಯಿತು, ಇಲ್ಲಿ ಕರಿಮೆಣಸು ಕುಯ್ಯುವ ಹೊತ್ತು ಅದು. ಹೋಗಬೇಡಿ ಅನ್ನಲು ಬಾಯಿ ಬರುತ್ತದಾ? ಮತ್ತೆ ಆಳುಗಳನ್ನು ಕರೆತರುವ ಆ ಮೇಸ್ತ್ರಿಗಳ ವ್ಯವಹಾರ. ತಲೆಗೆ ಇಷ್ಟು ಅಂತ ಮುಂಗಡ ತೆಗೆದುಕೊಳ್ಳುತ್ತಾರೆ, ಮುಂದಿನ ವಾರ ಪಕ್ಕದ ತೋಟದವರು ಎರಡು ರೂಪಾಯಿ ಜಾಸ್ತಿ ಅಂದರೆ ರಾತ್ರೋರಾತ್ರಿ ಇಡೀ ಲೈನ್ ಖಾಲಿ.

ಕಾಫಿ ಹಣ್ಣು ಕಾಯುವುದಿಲ್ಲ. ಈಗ ಕುಯ್ಲಿನ ಹೊತ್ತಲ್ಲೂ ಮಳೆ ಬರುತ್ತದೆ, ಒಂದೇ ಮಳೆಗೆ ಹಣ್ಣು ಒಡೆದು ನೆಲ ಸೇರುತ್ತದೆ. ಗಿಡದಲ್ಲೇ ಉಳಿದು ಒಣಗಿದರೆ ಕಾಯಿಕೊರಕ ಹುಳ ಅದರೊಳಗೇ ಮನೆ ಮಾಡಿಕೊಂಡು ಮುಂದಿನ ವರ್ಷದ ಬೆಳೆಗೆ ಬರುತ್ತದೆ. ಬ್ರೆಜಿಲ್‌ನಲ್ಲಿ ಮೆಷಿನ್‌ನಲ್ಲಿ ಕುಯ್ಯುತ್ತಾರಲ್ಲ ಅಂತ ಒಬ್ಬರು ವಿಡಿಯೋ ಕಳಿಸಿದ್ದರು. ಅಲ್ಲಿ ಮಟ್ಟಸ ಜಾಗ, ನೆರಳಿಲ್ಲದ ತೋಟ. ನಮ್ಮದು ಗುಡ್ಡ, ಮೇಲೆ ಮರ, ಮರಕ್ಕೆ ಮೆಣಸಿನ ಬಳ್ಳಿ. ಒಂದೇ ರೆಂಬೆಯಲ್ಲಿ ಹಸಿ ಕಾಯಿ, ಹಣ್ಣು ಎರಡೂ ಇರುತ್ತವೆ. ಆ ಮೆಷಿನ್ ಇಲ್ಲಿಗೆ ಬಂದರೆ ಕಾಫಿಯ ಜೊತೆ ಗಿಡವನ್ನೂ ಕುಯ್ದುಕೊಂಡು ಹೋಗುತ್ತದೆ.

ಹಾಗಾದರೆ ನೇಪಾಳವೇ ಯಾಕೆ? ಯಾಕೆಂದರೆ ಕಾನೂನು ಪ್ರಕಾರ ನಮ್ಮಂಥವರು ಕರೆಸಬಹುದಾದ ಹೊರದೇಶದವರು ಹೆಚ್ಚುಕಡಿಮೆ ಅವರೇ. ಕೊರಿಯಾ 2004ರಿಂದ, ಜಪಾನ್ 2019ರಿಂದ ತೋಟ, ಹೊಲದ ಕೆಲಸಕ್ಕೂ ಹೊರಗಿನವರಿಗೆ ಬೇರೆಯೇ ವೀಸಾ ಕೊಡುತ್ತಿವೆ. ನಮ್ಮಲ್ಲಿ ಹಾಗಿಲ್ಲ. ಭಾರತದಲ್ಲಿ ಎಂಪ್ಲಾಯ್‌ಮೆಂಟ್ ವೀಸಾ ಸಿಗಬೇಕಾದರೆ ಆ ವ್ಯಕ್ತಿಗೆ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಜಾಸ್ತಿ ಸಂಬಳ ಇರಬೇಕು, ವಿನಾಯಿತಿ ಇರುವುದು ವಿದೇಶಿ ಅಡುಗೆಯವರು, ಭಾಷೆ ಕಲಿಸುವವರು, ಹೀಗೆ ಕೆಲವರಿಗೆ ಮಾತ್ರ. ಕಾಫಿ ಕುಯ್ಯಲು ಅಷ್ಟು ಸಂಬಳ ಸಿಗುವುದಾದರೆ ನಾನೇ ಈ ಕಾರ್ಯದರ್ಶಿ ಕೆಲಸ ಬಿಟ್ಟು ಸೊಂಟಕ್ಕೆ ಚೀಲ ಕಟ್ಟಿಕೊಳ್ಳುತ್ತಿದ್ದೆ. ನೇಪಾಳದವರ ವಿಷಯ ಬೇರೆ. 1950ರ ಜುಲೈ 31ರಂದು ಎರಡು ದೇಶಗಳ ನಡುವೆ ಆದ ಒಪ್ಪಂದದ ಏಳನೇ ಕಲಮಿನ ಪ್ರಕಾರ ಅವರು ಇಲ್ಲಿ, ನಾವು ಅಲ್ಲಿ ಓಡಾಡಬಹುದು, ವಾಸ ಮಾಡಬಹುದು, ವ್ಯಾಪಾರ ಮಾಡಬಹುದು. ಕೆಲಸಕ್ಕೆ ವೀಸಾ ಬೇಡ.

ಬಾಂಗ್ಲಾದೇಶದವರಾ ಅಂತ ಕೇಳಿದವರಿಗೆ: ಅಲ್ಲ. ಅವರಿಗೆ ವೀಸಾ ಬೇಕು, ಕಾಗದ ಇಲ್ಲದೆ ಯಾರನ್ನೂ ಇಟ್ಟುಕೊಳ್ಳುವುದಿಲ್ಲ ಅಂತ ಸಂಘದಲ್ಲಿ ತೀರ್ಮಾನ ಆಗಿದೆ. ಬಂದ ಎಲ್ಲರ ನೇಪಾಳಿ ಪೌರತ್ವ ಪತ್ರದ ಪ್ರತಿ ನಮ್ಮಲ್ಲಿದೆ, ಠಾಣೆಗೂ ಕೊಟ್ಟಿದ್ದೇವೆ. ಹಾಗಂತ ಮುಖ ನೋಡಿ, ಭಾಷೆ ಕೇಳಿ ಅಸ್ಸಾಮಿನ ಹುಡುಗರನ್ನೆಲ್ಲ ಅನುಮಾನಿಸುವ ಮೆಸೇಜುಗಳನ್ನು ದಯವಿಟ್ಟು ನಮ್ಮ ಗ್ರೂಪಿಗೆ ಹಾಕಬೇಡಿ. ಅವರೂ ನಮ್ಮ ದೇಶದವರೇ, ಅವರು ಕುಯ್ದ ಕಾಫಿಯನ್ನೇ ಇಷ್ಟು ವರ್ಷ ನೀವು ಕುಡಿದಿದ್ದು.

ನೇಪಾಳದವರಿಗೂ ನಮಗೂ ಹಬ್ಬದ ಲೆಕ್ಕ ಚೆನ್ನಾಗಿ ಕೂಡಿಬಂತು. ಅವರ ದಶೈಂ ನಮ್ಮ ದಸರಾ ಹೊತ್ತಿಗೆ, ತಿಹಾರ್ ದೀಪಾವಳಿ ಹೊತ್ತಿಗೆ. ಎರಡನ್ನೂ ಮನೆಯಲ್ಲೇ ಮುಗಿಸಿ, ಸುನೌಲಿ ಗಡಿ ದಾಟಿ, ಗೋರಖ್‌ಪುರದಲ್ಲಿ ರೈಲು ಹತ್ತಿ ಬಂದರೆ ಸರಿಯಾಗಿ ಅರೇಬಿಕಾ ಜಾತಿಯ ಕಾಫಿ ಹಣ್ಣಾಗಿರುತ್ತದೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಊರಿನವರೆಲ್ಲ ರಜೆ ಹಾಕಿದಾಗ ಇವರು ತೋಟದಲ್ಲಿರುತ್ತಾರೆ. ಏಪ್ರಿಲ್ ಮಧ್ಯಕ್ಕೆ ಅವರ ಹೊಸ ವರ್ಷ, ಕೊಡಗಿನಲ್ಲೂ ಆಗಲೇ ಹೊಸ ವರ್ಷ, ಎಡಮ್ಯಾರು ತಿಂಗಳ ಮೊದಲ ದಿನ. ಅಷ್ಟರೊಳಗೆ ಕುಯ್ಲು ಮುಗಿದು ಊರು ಸೇರಿರುತ್ತಾರೆ.

ಇನ್ನೊಂದು ವಿಷಯ ನಮಗೂ ಗೊತ್ತಿರಲಿಲ್ಲ. ತಂಡದಲ್ಲಿ ಕೆಲವರು ಗುಲ್ಮಿ ಜಿಲ್ಲೆಯವರು, ಅವರ ಮನೆ ಹಿತ್ತಲಲ್ಲೇ ಅರೇಬಿಕಾ ಇದೆಯಂತೆ. 1938ರಲ್ಲಿ ಹೀರಾ ಗಿರಿ ಅನ್ನುವ ಸನ್ಯಾಸಿ ಬರ್ಮಾದಿಂದ ಬೀಜ ತಂದು ಅಲ್ಲಿ ನೆಟ್ಟರು ಅಂತ ಹೇಳುತ್ತಾರೆ. ನಮ್ಮ ಬಾಬಾ ಬುಡನ್ ಕತೆ ಇದ್ದ ಹಾಗೇ ಇದೆ. ಎಲ್ಲ ಕಡೆ ಕಾಫಿ ತರಲು ಒಬ್ಬ ಸಂತ ಬೇಕು ಅಂತ ಕಾಣುತ್ತದೆ, ಕುಯ್ಯಲು ಮಾತ್ರ ಯಾರೂ ಸಿಗುವುದಿಲ್ಲ!

ಈಗ ದುಡ್ಡಿನ ವಿಷಯ. ಇವರು ಅಗ್ಗಕ್ಕೆ ಸಿಕ್ಕಿದ್ದಾರೆ ಅಂತ ಯಾರಾದರೂ ಅಂದುಕೊಂಡಿದ್ದರೆ ಅದು ಸುಮ್ನೆ ಊಹೆ. ಕೂಲಿ ಊರಿನವರಿಗೆ ಎಷ್ಟೋ ಇವರಿಗೂ ಅಷ್ಟೇ. ಅದರ ಮೇಲೆ ಹೋಗಿಬರುವ ರೈಲು, ಬಸ್ ಖರ್ಚು ನಮ್ಮದು. ನಮ್ಮಲ್ಲಿ ಯಾರಿಗೂ ಲೈನ್ ಮನೆ ಇರಲಿಲ್ಲ, ಹಾಗಾಗಿ ಸಂಘದಿಂದಲೇ ಒಂದು ಹಳೇ ಲೈನ್ ಬಾಡಿಗೆಗೆ ಹಿಡಿದು ಶೀಟು ಬದಲಿಸಿ, ಕಕ್ಕಸು, ಬಚ್ಚಲು ಕಟ್ಟಿಸಿದೆವು. ಮಧ್ಯದಲ್ಲಿ ಮೇಸ್ತ್ರಿ ಇಲ್ಲ, ಮುಂಗಡದ ಸಾಲ ಇಲ್ಲ. ಸಂಬಳ ವಾರಕ್ಕೊಮ್ಮೆ ಅವರವರಿಗೇ. ಮನೆಗೆ ಕಳಿಸಲು 2008ರಿಂದ ರಿಸರ್ವ್ ಬ್ಯಾಂಕಿನ ಭಾರತ–ನೇಪಾಳ ಹಣ ರವಾನೆ ವ್ಯವಸ್ಥೆ ಇದೆ, ಸಂಘವೇ ಬ್ಯಾಂಕಿಗೆ ಕರೆದುಕೊಂಡು ಹೋಗಿ ಮಾಡಿಸುತ್ತದೆ. ಇಲ್ಲಿನ ನೂರು ರೂಪಾಯಿ ಅಲ್ಲಿ ನೂರ ಅರವತ್ತು, 1993ರಿಂದ ಅದೇ ಲೆಕ್ಕ, ಹಾಗಾಗಿ ಯಾರೂ ಅವರಿಗೆ ಲೆಕ್ಕದಲ್ಲಿ ಮೋಸ ಮಾಡಲು ಆಗುವುದಿಲ್ಲ.

ಇದು ಪ್ಯಾಕೆಟ್‌ಗೆ ಹೇಗೆ ತಟ್ಟುತ್ತದೆ ಅಂದರೆ, ಒಂದು ಕೆಜಿ ಹಸಿ ಬೀಜಕ್ಕೆ ಐದಾರು ಕೆಜಿ ಹಣ್ಣು ಬೇಕು. ಹುರಿದಾಗ ತೂಕ ಮತ್ತೆ ಇಳಿಯುತ್ತದೆ. ಕೊನೆಗೆ ಒಂದು ಕೆಜಿ ಪುಡಿಗೆ ಹೆಚ್ಚುಕಡಿಮೆ ಆರೂವರೆ ಕೆಜಿ ಹಣ್ಣು. ಕೆಜಿ ಹಣ್ಣಿನ ಮೇಲೆ ಒಂದು ರೂಪಾಯಿ ಖರ್ಚು ಜಾಸ್ತಿಯಾದರೆ ಪುಡಿಯ ಮೇಲೆ ಆರೇಳು ರೂಪಾಯಿ ಏರುತ್ತದೆ. ಇನ್ನೊಂದು ಖರ್ಚನ್ನು ನಾವೇ ಬೇಕಂತ ಮಾಡಿಕೊಂಡಿದ್ದೇವೆ. ಅರೇಬಿಕಾ ಕುಯ್ಯುವುದನ್ನು ಕೆಜಿ ಲೆಕ್ಕದಿಂದ ದಿನಗೂಲಿಗೆ ಬದಲಿಸಿದ್ದೇವೆ. ಕೆಜಿ ಲೆಕ್ಕ ಕೊಟ್ಟರೆ ಯಾರೇ ಆಗಲಿ, ತೂಕ ಬರಲಿ ಅಂತ ಹಸಿರು ಕಾಯಿಯನ್ನೂ ಸೇರಿಸಿ ಉಜ್ಜಿಬಿಡುತ್ತಾರೆ, ಹೋದ ವರ್ಷ ಪುಡಿಯಲ್ಲಿ ಒಂಥರಾ ಒಗರು ಬಂತು ಅಂತ ನೀವು ಹೇಳಿದ್ದು ಅದೇ. ದಿನಗೂಲಿಯಲ್ಲಿ ಕೆಲಸ ನಿಧಾನ, ಹಣ್ಣು ಮಾತ್ರ ಚೆನ್ನಾಗಿ ಬರುತ್ತದೆ. ಈಗ ಕಣದಲ್ಲಿ ಹರಡಿರುವ ಮೊದಲ ಸುತ್ತಿನ ಹಣ್ಣು ನೋಡಿದರೆ ನನಗೆ ಖುಷಿಯಾಗಿದೆ.

ತಡ ಆಗುವುದು ಯಾಕೆ ಅಂದರೆ, ಒಂದೇ ತಂಡ ಎಲ್ಲರ ತೋಟಕ್ಕೂ ಸರದಿಯಲ್ಲಿ ಹೋಗಬೇಕು. ಮೊದಲು ಬಿಸಿಲು ಬೀಳುವ ತೋಟ, ಆಮೇಲೆ ಹಳ್ಳದ ಪಕ್ಕದವು. ಸರದಿ ಯಾರದು ಮೊದಲು ಅನ್ನುವುದಕ್ಕೆ ಮೀಟಿಂಗ್‌ನಲ್ಲಿ ಆದ ಜಗಳದ ಬಗ್ಗೆ ಬರೆಯುವುದಿಲ್ಲ.

ಊರಿನವರನ್ನು ಯಾರನ್ನೂ ಬಿಡಿಸಿಲ್ಲ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಒಣಗಿಸುವ ಕಣ, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು), ಕಪಾತು (ಕಾಫಿ ಗಿಡ ಸವರುವುದು) ಎಲ್ಲ ಹಳಬರದೇ. ನಮ್ಮ ತೋಟದಲ್ಲಿ ತಲೆಮಾರಿನಿಂದ ಇರುವ ಯರವ ಬುಡಕಟ್ಟಿನವರ ಮನೆಗಳಿಗೂ ಈ ಸಲ ಸಂಘದ ಖರ್ಚಿನಲ್ಲೇ ಕಕ್ಕಸು ಕಟ್ಟಿಸುತ್ತಿದ್ದೇವೆ. ಹೊರಗಿನಿಂದ ಬಂದವರಿಗೆ ಕಟ್ಟಿಸಿ ಇವರಿಗೆ ಇಲ್ಲ ಅಂದರೆ ಆಗುತ್ತದಾ? ಇದನ್ನು ಮೀಟಿಂಗ್‌ನಲ್ಲಿ ಎತ್ತಿದ್ದು ಒಬ್ಬ ಸದಸ್ಯರ ಹೆಂಡತಿ, ಗಂಡಸರಿಗೆ ಯಾರಿಗೂ ಹೊಳೆದಿರಲಿಲ್ಲ. ಅದರ ದುಡ್ಡೂ ಆ 45 ರೂಪಾಯಿಯಲ್ಲಿದೆ.

ಕರಿಮೆಣಸು ಈ ಸಲ ಕಡಿಮೆ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಮೂವತ್ತು ನಲವತ್ತು ಅಡಿ ಹತ್ತುವುದು ಅಭ್ಯಾಸ ಇರುವವರ ಕೆಲಸ, ಹೊಸಬರನ್ನು ಹತ್ತಿಸುವುದಿಲ್ಲ. ಊರಿನವರು ಎಷ್ಟು ಕುಯ್ಯುತ್ತಾರೋ ಅಷ್ಟೇ, ಅದೂ ಏಪ್ರಿಲ್ ಕಳೆದ ಮೇಲೆ. ಮುಂಗಡ ಆರ್ಡರ್ ತೆಗೆದುಕೊಳ್ಳುತ್ತಿಲ್ಲ.

ಮುಂದಿನ ವರ್ಷವೂ ಇವರೇ ಬರುತ್ತಾರಾ? ಗ್ಯಾರಂಟಿ ಇಲ್ಲ. 2008ರಿಂದ ನೇಪಾಳದವರು ಕೊರಿಯಾಕ್ಕೆ ಸರ್ಕಾರದ ಮೂಲಕವೇ ಹೋಗುತ್ತಿದ್ದಾರೆ, ಗಲ್ಫ್, ಮಲೇಷ್ಯಾ ಬೇರೆ. ಆ ಸಂಬಳದ ಮುಂದೆ ನಮ್ಮದು ಏನೂ ಅಲ್ಲ. ಮಲೇಷ್ಯಾದಲ್ಲಿ ದುಡಿದು ಬಂದ ಒಬ್ಬರನ್ನು ಇಲ್ಲಿಗೆ ಯಾಕೆ ಬಂದಿರಿ ಅಂತ ಕೇಳಿದೆ. ಅಲ್ಲಿಂದ ಅಮ್ಮ ಸತ್ತಾಗ ಬರಲಾಗಲಿಲ್ಲ, ಇಲ್ಲಿಂದಾದರೆ ಮೂರ್ನಾಲ್ಕು ದಿನದಲ್ಲಿ ಮನೆ ಸೇರಬಹುದು ಅಂದರು. 1854ರಲ್ಲಿ ಫೌಲರ್ ಅನ್ನುವ ಇಂಗ್ಲಿಷಿನವನು ಮಡಿಕೇರಿಯಲ್ಲಿ ಎಸ್ಟೇಟ್ ಶುರು ಮಾಡಿದಾಗಿನಿಂದ ಕೊಡಗಿನ ಕಾಫಿ ಹೊರಗಿನಿಂದ ಬಂದವರ ದುಡಿಮೆಯಲ್ಲೂ ಬೆಳೆದಿದೆ. ಮೈಸೂರು ಸೀಮೆ, ಮಲಬಾರ್, ತಮಿಳುನಾಡು, ಆಮೇಲೆ ಅಸ್ಸಾಂ. ಆಯಾ ಕಾಲಕ್ಕೆ ಯಾರಿಗೆ ಇಲ್ಲಿನ ಕೂಲಿ ಸಾಕೆನಿಸುತ್ತದೋ ಅವರು ಬರುತ್ತಾರೆ. ಸಾಕಾಗದಿದ್ದರೆ ಬರುವುದಿಲ್ಲ, ಆಗ ನಾವು ಮತ್ತೆ ನಿಮಗೆ ದರದ ಬಗ್ಗೆ ಪತ್ರ ಬರೆಯಬೇಕಾಗುತ್ತದೆ.

ನವೆಂಬರ್ 30ರೊಳಗೆ ದುಡ್ಡು ಕಟ್ಟಿದವರಿಗೆ ಮಾರ್ಚ್‌ವರೆಗಿನ ಎಲ್ಲ ಪ್ಯಾಕೆಟ್ ಹಳೇ ದರಕ್ಕೇ ಬರುತ್ತದೆ. ಅಲ್ಲಿಯವರೆಗೆ ಕಳಿಸುವುದು ಹೋದ ಬೆಳೆಯ ಬೀಜ, ಹುರಿಯುವುದು ಮಾತ್ರ ಎಂದಿನಂತೆ ಆರ್ಡರ್ ಬಂದ ವಾರವೇ. ದರ ಜಾಸ್ತಿ ಆಯಿತು, ಬೇಡ ಅನ್ನುವವರು ಒಂದು ಮೆಸೇಜ್ ಹಾಕಿ, ಉಳಿದ ದುಡ್ಡು ವಾಪಸ್ ಹಾಕುತ್ತೇವೆ, ಬೇಜಾರೇನಿಲ್ಲ. ತೋಟ ನೋಡಲು ಬರುವವರು ಭಾನುವಾರ ಬನ್ನಿ. ಲೈನ್ ಮನೆ ಕಡೆ ಹೋಗಿ ಕೇಳದೆ ಫೋಟೋ ತೆಗೆಯಬೇಡಿ, ಭಾನುವಾರ ಅವರಿಗೂ ರಜೆ.

ಸಂಘದ ಪರವಾಗಿ,
ಕಾರ್ಯದರ್ಶಿ