ಹತ್ತು ಮಣಿ, ಹತ್ತು ರೊಟ್ಟಿ

ನನ್ನ ತಮ್ಮ ಕೆಲಸಕ್ಕೆ ಸೇರಿ ನಿನ್ನೆಗೆ ಒಂದು ವರ್ಷ ತುಂಬಿತು. ಅವನಿಗೆ 27. ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಕಲಿಕೆ ನಿಧಾನ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ರೊಟ್ಟಿ ಅಂಗಡಿಯಲ್ಲಿ ಕಡಕ್ ರೊಟ್ಟಿ ಪ್ಯಾಕ್ ಮಾಡುತ್ತಾನೆ. ಥ್ಯಾಂಕ್ಸ್ ಹೇಳಬೇಕಾದವರು ಮೂರ್ನಾಲ್ಕು ಮಂದಿ ಇದ್ದಾರೆ. ಜಾಸ್ತಿ ಋಣ ಮಾತ್ರ ಅವನಿಗೆ ಕೆಲಸ ಕಲಿಸಿದ ಮೇಡಂ ಅವರದ್ದು.

ಮೇಡಂ, ಮೊದಲ ದಿನ ನೀವು ಮನೆಗೆ ಬಂದಾಗ ನಮ್ಮವ್ವ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. "ಅವನ ಕೈಗೆ ಏನಾಗೇತ್ರಿ ಅಕ್ಕಾರ?" ಅಂದಿರಿ. ಅವ್ವನಿಗೆ ಸಿಟ್ಟು ಬಂತು, ನನಗೂ. ಆಮೇಲೆ ಎರಡು ತಿಂಗಳು ನೀವು ತಿದ್ದಿದ್ದು ಅವನಿಗಿಂತ ನಮ್ಮನ್ನೇ ಜಾಸ್ತಿ.

ಅದಕ್ಕೂ ಮೊದಲು ಅವನಿಗೆ ಒಂದು ಕಡೆ ಕೆಲಸ ಸಿಕ್ಕಿತ್ತು. ಸುಮ್ನೆ ಕುರ್ಚಿಯ ಮೇಲೆ ಕೂಡಿಸಿ, ಬಂದವರ ಜೊತೆ ಫೋಟೋ ತೆಗೆಸಿ, ಚಹಾ ಕುಡಿಸಿ ಕಳಿಸುತ್ತಿದ್ದರು. ಹದಿನೈದು ದಿನಕ್ಕೆ ಅವನೇ "ಅಲ್ಲಿ ಕೆಲಸಾ ಇಲ್ಲ" ಅಂತ ಬಿಟ್ಟ.

ರೊಟ್ಟಿ ಅಂಗಡಿಯಲ್ಲಿ ನೀವು ಮಾತು ಕಡಿಮೆ ಮಾಡಿದಿರಿ. ಇಂಥವರಿಗೆ ಕಿವಿಗೆ ಬಿದ್ದದ್ದಕ್ಕಿಂತ ಕಣ್ಣಿಗೆ ಕಂಡದ್ದು ಚೆನ್ನಾಗಿ ನೆನಪಿರುತ್ತದೆ ಅಂತ ಹೇಳಿ, ಕೈ ತೊಳೆಯುವುದರಿಂದ ಹಿಡಿದು ಒಂದೊಂದಕ್ಕೂ ಅವನದೇ ಫೋಟೋ ತೆಗೆದು ಗೋಡೆಗೆ ಹಚ್ಚಿದಿರಿ. ಏಳು ದಾಟಿದರೆ ಅವನ ಲೆಕ್ಕ ತಪ್ಪುತ್ತಿತ್ತು. ಅದಕ್ಕೆ ಒಂದು ದಾರ, ಹತ್ತು ಮಣಿ. ಒಂದು ರೊಟ್ಟಿ ಇಟ್ಟರೆ ಒಂದು ಮಣಿ ಆ ಕಡೆ. ಮಣಿ ಮುಗಿದರೆ ಚೀಲಕ್ಕೆ ಸೀಲ್. ಮುರಿದದ್ದು ಬುಟ್ಟಿಗೆ. ಮೊದಲು ನೀವು ಅವನ ಮಗ್ಗುಲಿಗೆ ನಿಂತಿರಿ, ಆಮೇಲೆ ಬಾಗಿಲಲ್ಲಿ, ಆಮೇಲೆ ಹೊರಗಿನ ಕಟ್ಟೆ ಮೇಲೆ. ಒಂದು ದಿನ ಬರಲೇ ಇಲ್ಲ. ಅವತ್ತು ಅವನು ನಿಮ್ಮನ್ನು ಕೇಳಲೂ ಇಲ್ಲ!

ಮಳೆಗಾಲದಲ್ಲಿ ಅವನು ಕೂತಲ್ಲೇ ತೂಕಡಿಸತೊಡಗಿದ. ಮೈಗಳ್ಳತನ ಅಂತ ನಾನು ಬೈದೆ. "ಬೈಯೋದು ಆಮ್ಯಾಲೆ, ಮೊದಲು ಥೈರಾಯ್ಡ್ ಟೆಸ್ಟ್ ಮಾಡಸ್ರಿ" ಅಂದಿರಿ. ಡೌನ್ ಸಿಂಡ್ರೋಮ್ ಇದ್ದವರಲ್ಲಿ ಥೈರಾಯ್ಡ್ ತೊಂದರೆ ಜಾಸ್ತಿ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. 27 ವರ್ಷ ಜೊತೆಗಿದ್ದ ನಮಗೆ ಗೊತ್ತಿರಲಿಲ್ಲ. ಗುಳಿಗೆ ಶುರುವಾದ ಮೇಲೆ ನಿಧಾನಕ್ಕೆ ಹುರುಪು ಬಂತು. ಬೈದದ್ದು ನನಗೆ ಈಗಲೂ ಚುಚ್ಚುತ್ತದೆ.

ಒಂದು ಬ್ಯಾಂಕಿನಲ್ಲಿ ಅವನ ಹೆಸರಲ್ಲಿ ಖಾತೆ ತೆರೆಯಲು ಹಿಂದೆಮುಂದೆ ನೋಡಿದರು. ತನ್ನ ದುಡ್ಡು ತಾನೇ ನೋಡಿಕೊಳ್ಳುವ ಹಕ್ಕು 2016ರ ಅಂಗವಿಕಲರ ಕಾಯ್ದೆಯಲ್ಲೇ ಇದೆ ಅಂತ ನೀವು ಪ್ರಿಂಟ್ ತೆಗೆದು ಮುಂದಿಟ್ಟಿರಿ. ಖಾತೆ ಆಯಿತು.

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಸ್ಟೇಷನ್ನಿನಲ್ಲಿದ್ದ ಸೆಕ್ಯೂರಿಟಿ ಅಣ್ಣನನ್ನೂ ಮರೆಯುವ ಹಾಗಿಲ್ಲ. ಒಂದು ದಿನ ನವನಗರದಲ್ಲಿ ಹತ್ತಿದ ತಮ್ಮ ಇಳಿಯುವ ಸ್ಟಾಪ್ ದಾಟಿ ರೈಲ್ವೆ ಸ್ಟೇಷನ್ ತನಕ ಹೋಗಿಬಿಟ್ಟಿದ್ದ. ಆ ಅಣ್ಣ ಕೊರಳಲ್ಲಿದ್ದ ಕಾರ್ಡ್ ನೋಡಿ ನನಗೆ ಫೋನ್ ಮಾಡಿ, ನಾನು ಹೋಗುವವರೆಗೆ ಜೊತೆಗೆ ಕೂಡಿಸಿಕೊಂಡಿದ್ದರು.

ಅಂಗಡಿಯ ಕಾಕೂ ಅವರಿಗೆ ಏನು ಹೇಳಲಿ? "ಹರಟಿ ಹೊಡಕೋತ ನಾವು ಎಣಸಿದ್ದರಾಗ ಒಂಬತ್ತು ಇರತಾವ, ಹನ್ನೊಂದು ಇರತಾವ. ಇವನ ಪ್ಯಾಕೆಟ್ ಒಂದೂ ವಾಪಸ್ ಬಂದಿಲ್ಲ" ಅಂತಾರೆ. ಕರುಣೆಗೆ ಇಟ್ಟುಕೊಂಡಿದ್ದರೆ ಈ ಮಾತು ಬರುತ್ತಿರಲಿಲ್ಲ, ಅಲ್ವಾ?

ಕೊನೆಯ ಸಾಲು ಅವನೇ ಹೇಳಿ ಬರೆಸಿದ್ದು: "ಮೇಡಂ, ಅಮಾಸಿಗೆ ಸೂಟಿ ಐತಿ. ಮನಿಗೆ ಬರ್ರಿ. ರೊಟ್ಟಿ ನಾ ರೊಕ್ಕಾ ಕೊಟ್ಟು ತರ್ತೀನಿ."