ಮೊದಲು ಅಂಚು ನೋಡಿ

ಇಂಗ್ಲೆಂಡಿನ ಹಳ್ಳಿ ಚರ್ಚಿನ ಬಾಗಿಲು ದಾಟಿದರೆ ಸಾಮಾನ್ಯವಾಗಿ ಪಶ್ಚಿಮದ ತುದಿಯಲ್ಲೇ ಕಲ್ಲಿನ ದೊಡ್ಡ ಬಾನಿಯೊಂದು ನಿಂತಿರುತ್ತದೆ. ಮಕ್ಕಳಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡುವ ತೊಟ್ಟಿ ಅದು. ಇಲ್ಲಿನವರು ಫಾಂಟ್ ಅನ್ನುತ್ತಾರೆ. ಮಗು ಕ್ರೈಸ್ತ ಸಭೆಯೊಳಗೆ ಬರುವುದೇ ದೀಕ್ಷೆಯಿಂದ, ಹಾಗಾಗಿ ಅದರ ಜಾಗ ಬಾಗಿಲ ಬಳಿ. ಎಷ್ಟೋ ಕಡೆ ಗೋಡೆ, ಚಾವಣಿ, ಕಿಟಕಿ ಎಲ್ಲ ಆಮೇಲೆ ಕಟ್ಟಿದ್ದು. ಈ ಬಾನಿ ಮಾತ್ರ 12ನೆಯ ಶತಮಾನದ್ದು. ಬೇಸಿಗೆ ರಜೆಗೆ ಹಳ್ಳಿಗಾಡು ಸುತ್ತಲು ಹೊರಟವರು ಹತ್ತು ನಿಮಿಷ ಇದರ ಮುಂದೆ ನಿಲ್ಲಲೇಬೇಕು.

ಕೆತ್ತನೆಗಿಂತ ಮೊದಲು ಅಂಚು ನೋಡಿ. ಎದುರುಬದುರಾಗಿ ಎರಡು ಕಡೆ ಕಲ್ಲು ಚಕ್ಕೆ ಎದ್ದಿರುತ್ತದೆ, ಇಲ್ಲವೇ ಬೇರೆ ಕಲ್ಲಿನ ತೇಪೆ ಇರುತ್ತದೆ. ಅದು ಬೀಗದ ಗುರುತು. ಆಗೆಲ್ಲ ಮಂತ್ರಿಸಿದ ನೀರನ್ನು ತೊಟ್ಟಿಯಲ್ಲೇ ಬಿಟ್ಟಿರುತ್ತಿದ್ದರು. ಮಾಟಕ್ಕೆಂದು ಕದ್ದೊಯ್ಯುವವರ ಭಯವಿತ್ತು. 1236ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯಬೇಕೆಂದು ವಿಧಿಸಿದ. ಅಂಚಿನಲ್ಲಿ ಕುಳಿ ತೋಡಿ, ಕಬ್ಬಿಣದ ಕೊಂಡಿ ಇಳಿಸಿ, ಕರಗಿಸಿದ ಸೀಸ ಎರೆದು ಬಿಗಿ ಮಾಡಿದರು. ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ, ಕಲ್ಲು ಒಳಗಿನಿಂದಲೇ ಸೀಳುತ್ತದೆ. ಕೊಂಡಿ ಕೀಳಲು ಹೋದಾಗ ಇನ್ನಷ್ಟು ಒಡೆದದ್ದೂ ಉಂಟು.

ಆಮೇಲೆ ಒಳಗೆ ಇಣುಕಿ. ಸೀಸದ ತಗಡು ಹೊದಿಸಿ, ತಳದಲ್ಲಿ ತೂತು ಬಿಟ್ಟಿರುತ್ತಾರೆ. ಪವಿತ್ರ ನೀರು ಚರಂಡಿ ಸೇರದೆ ಅಲ್ಲೇ ನೆಲದಲ್ಲಿ ಇಂಗಲೆಂದು. ತಗಡು ಬಿರುಕು ಬಿಟ್ಟರೆ ನೀರು ಸುಣ್ಣಕಲ್ಲಿಗೆ ಇಳಿಯುತ್ತದೆ. ಅದು ಆರುವಾಗ ಉಪ್ಪು ಮೇಲ್ಮೈಗೆ ಬಂದು ಹರಳುಗಟ್ಟಿ, ಕಲ್ಲು ಪುಡಿಪುಡಿಯಾಗಿ ಉದುರುತ್ತದೆ. ಸಿಮೆಂಟು ಮೆತ್ತಿದರೆ ಇನ್ನೂ ಕೆಟ್ಟದ್ದು: ತೇವಕ್ಕೆ ಹೊರದಾರಿ ಮುಚ್ಚಿ, ಪಕ್ಕದ ಮೆದು ಕಲ್ಲು ಸವೆಯುತ್ತದೆ. ಸುಣ್ಣದ ಗಾರೆಯೇ ಸರಿ.

ಆಕಾರದಿಂದ ಕಾಲವನ್ನು ಅಂದಾಜು ಮಾಡಬಹುದು. ದುಂಡನೆಯ ಬೋಳು ಬಾನಿಯ ಮೇಲೆ ಓರೆಯಾಗಿ ಕೊಡಲಿಯೇಟಿನ ಗೀರುಗಳಿದ್ದರೆ ಬಹುಪಾಲು ನಾರ್ಮನ್ನರ ಕಾಲದ್ದು, ಅಂದರೆ 11, 12ನೆಯ ಶತಮಾನದ್ದು. ಎಂಟು ಮೂಲೆಯದು ಹೆಚ್ಚಾಗಿ 14, 15ನೆಯ ಶತಮಾನದ್ದು. ನಾರ್ಫೋಕ್, ಸಫೋಕ್ ಸೀಮೆಯಲ್ಲಿ ಇಂಥವುಗಳ ಏಳು ಮುಖಗಳಲ್ಲಿ ದೀಕ್ಷೆ, ಮದುವೆ ಮೊದಲಾದ ಚರ್ಚಿನ ಏಳು ಸಂಸ್ಕಾರಗಳು, ಎಂಟನೆಯದರಲ್ಲಿ ಹಲವೆಡೆ ಕ್ರಿಸ್ತನ ದೀಕ್ಷೆಯೋ ಶಿಲುಬೆಯೋ ಇರುತ್ತದೆ. ಕೆತ್ತನೆಯ ಮೂರ್ತಿಗಳ ಮೋರೆಯನ್ನು ಒಡೆದು ಹಾಕಿದ್ದರೆ ಅದು ಚರ್ಚಿನಲ್ಲಿ ಮೂರ್ತಿಗಳೇ ಬೇಡವೆಂದ ಮೂರ್ತಿಭಂಜಕರ ಕೆಲಸ.

ನಾರ್ಫೋಕಿನ ಕಡಲಂಚಿನ ಬರ್ನ್‌ಹಮ್ ಡೀಪ್‌ಡೇಲ್‌ಗೆ ಅಗತ್ಯ ಹೋಗಿ. ಅಲ್ಲಿನ ಚೌಕ ತೊಟ್ಟಿಯ ಮೂರು ಮುಖಗಳಲ್ಲಿ ಹನ್ನೆರಡು ತಿಂಗಳ ಬೇಸಾಯವಿದೆ, ತಿಂಗಳಿಗೊಂದು ಕಮಾನು. ಫೆಬ್ರವರಿಯವನು ಬೆಂಕಿಗೆ ಕಾಲು ಕಾಯಿಸುತ್ತಾನೆ, ಮಾರ್ಚಿನವನು ಅಗೆಯುತ್ತಾನೆ. ಜೂನಿನಲ್ಲಿ ಕಳೆ, ಜುಲೈಯಲ್ಲಿ ಹುಲ್ಲು ಕೊಯ್ಲು, ಆಗಸ್ಟಿನಲ್ಲಿ ಸಿವುಡು ಕಟ್ಟುವುದು, ಸೆಪ್ಟೆಂಬರಿನಲ್ಲಿ ಒಕ್ಕಣೆ. ನವೆಂಬರಿಗೆ ಹಂದಿ ಕಡಿದು, ಡಿಸೆಂಬರಿಗೆ ಎಲ್ಲರೂ ಊಟಕ್ಕೆ ಕೂತಿದ್ದಾರೆ. ದೇವದೂತರಿಲ್ಲ, ಸಂತರಿಲ್ಲ, ಆ ಊರಿನ ಮಗುವಿಗೆ ಮುಂದೆ ಕಾದಿದ್ದ ಕೆಲಸವೇ ಇದೆ. ಇಂಗ್ಲೆಂಡಿನ ತೊಟ್ಟಿಗಳಲ್ಲಿ ನಮಗೆ ಇದಕ್ಕಿಂತ ಆಪ್ತವಾದದ್ದು ಕಂಡಿಲ್ಲ.

ಗ್ಲಾಸ್ಟರ್‌ಶೈರ್‌ನ ಡೀರ್‌ಹರ್ಸ್ಟ್ ಚರ್ಚಿನ ತೊಟ್ಟಿ ಇನ್ನೂ ಹಳೆಯದು, ನಾರ್ಮನ್ನರಿಗಿಂತ ಹಿಂದಿನ ಸ್ಯಾಕ್ಸನ್ನರ ಕಾಲದ್ದು. ಮೈತುಂಬ ಸುರುಳಿ ಬಳ್ಳಿಗಳಿರುವ ಆ ತೊಟ್ಟಿ 19ನೆಯ ಶತಮಾನದಲ್ಲಿ ಚರ್ಚಿಗೆ ಮರಳುವ ಮೊದಲು ರೈತರೊಬ್ಬರ ಅಂಗಳದಲ್ಲಿ ಬಿದ್ದಿತ್ತು.

ನೋಡುವಾಗ ಅಂಚಿನ ಮೇಲೆ ಬ್ಯಾಗು ಇಡಬೇಡಿ, ಮುಚ್ಚಳವನ್ನು ಒಬ್ಬರೇ ಎತ್ತಬೇಡಿ. ಚರ್ಚಿನ ಸ್ವಚ್ಛತೆಗೆ ಕೈಜೋಡಿಸುವವರು ಒಣ ಮೆದು ಕುಂಚವನ್ನಷ್ಟೇ ಬಳಸಿ, ಒದ್ದೆ ಬಟ್ಟೆ ಬೇಡ. ಕೆತ್ತನೆಯ ಸಂದಿಗಳಲ್ಲಿ ಕೆಂಪೋ ಹಸಿರೋ ಅಂಟಿಕೊಂಡಿದ್ದರೆ ಕೊಳೆಯೆಂದು ಉಜ್ಜಬೇಡಿ. ಈ ತೊಟ್ಟಿಗಳಿಗೆ ಬಣ್ಣ ಹಚ್ಚುತ್ತಿದ್ದರು, ಉಳಿದಿರುವುದು ಅಷ್ಟೇ ಇರಬಹುದು.