ಪೋಷಕರಿಗೆ ಪತ್ರ: ಉಪ್ಪಿನ ಪ್ಯಾಕೆಟ್ ಒಡೆದ ದಿನ ಬರೆದಿಡಿ

ಪೋಷಕರೆಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಏಳನೇ ತರಗತಿಗೆ ಒಂದು ಹೋಂವರ್ಕ್ ಕೊಟ್ಟಿದ್ದೆ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರು, ಬೆಳಗ್ಗೆಯಿಂದ ರಾತ್ರಿವರೆಗೆ ಅವರು ಏನು ತಿನ್ನುತ್ತಾರೆ, ಏನು ಮಾಡುತ್ತಾರೆ, ಕೇಳಿ ಬರೆದುಕೊಂಡು ಬನ್ನಿ ಅಂತ.

ಒಬ್ಬಳ ಮುತ್ತಜ್ಜಿಗೆ ತೊಂಬತ್ತು ದಾಟಿದೆ. ಮಧ್ಯಾಹ್ನ ಒಂದು ಮುದ್ದೆ, ಸೊಪ್ಪಿನ ಸಾರು. ದೀಪ ಹಚ್ಚುವ ಹೊತ್ತಿಗೆ ರಾತ್ರಿ ಊಟವೂ ಮುಗಿದಿರುತ್ತದೆ. ಹೊಲದ ಬದುವಿನಲ್ಲಿ ಸೊಪ್ಪು ಕೀಳಲು ಈಗಲೂ ತಾವೇ ಹೋಗುತ್ತಾರೆ. ಜಗಲಿ ಮೇಲೆ ಕೂತರೆ ದಾರಿಹೋಕರನ್ನೆಲ್ಲ ಕರೆದು ಮಾತಾಡಿಸುತ್ತಾರೆ. ಹುಡುಗಿ ಕೊನೆಯಲ್ಲಿ ಬರೆದಿದ್ದಳು: "ನಮ್ಮಜ್ಜಿ ಸುಮ್ನೆ ಕೂರಲ್ಲ, ಸುಮ್ನಿರೋದೂ ಇಲ್ಲ."

ಹಳೇ ಕಾಲದ ಊಟವೇ ಚೆನ್ನ ಅಂದುಬಿಡುವುದು ಸುಲಭ. ಅದು ಅರ್ಧ ಮಾತು ಅಷ್ಟೇ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ 70ರ ಆಸುಪಾಸು. ಆ ಅಜ್ಜಿಯ ಓರಗೆಯವರು ಎಷ್ಟೋ ಜನ ಅದೇ ಮುದ್ದೆ ತಿಂದೂ ಸಿಡುಬಿಗೋ, ವಾಂತಿಭೇದಿಗೋ, ಹೆರಿಗೆಯಲ್ಲೋ ಹೋಗಿಬಿಟ್ಟರು. ಲಸಿಕೆ, ಒಳ್ಳೇ ನೀರು, ಆಸ್ಪತ್ರೆಗಳಿಂದ ನಮ್ಮ ಆಯಸ್ಸು ಹೆಚ್ಚಿತು. ಈಗ ಬಿಪಿ, ಶುಗರ್, ಹೃದಯದ ಕಾಯಿಲೆ ಅದಕ್ಕೆ ಕೈ ಹಾಕಿವೆ. ಅಲ್ಲಿ ಅಜ್ಜಿಯಿಂದ ಕಲಿಯುವುದಿದೆ.

ರಾಗಿಯನ್ನೇ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಹತ್ತಿರ. ಶಾಲೆಯಲ್ಲಿ ಕೊಡುವ ರಾಗಿ ಮಾಲ್ಟನ್ನು ಗಟಗಟ ಕುಡಿಯುವ ಮಕ್ಕಳೇ ಮನೆಯಲ್ಲಿ ಮುದ್ದೆ ಬೇಡ ಅಂತಾರಂತೆ! ತಟ್ಟೆ ಮುಂದೆ ನೀವೂ ಕೂತು ತಿಂದರೆ ತಿಂತಾರೆ. ಬುದ್ಧಿ ಹೇಳಿದರೆ ತಿನ್ನಲ್ಲ.

ನನ್ನ ದೊಡ್ಡ ಚಿಂತೆ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಮಕ್ಕಳಿಗೆ ಅದಕ್ಕಿಂತ ಕಡಿಮೆ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಅಂಗಡಿ ಚಿಪ್ಸ್ ಎಲ್ಲ ಸೇರಿ! ನಾನು ಬೇರೆಯವರಿಗೆ ಹೇಳುವ ಮೊದಲು ನಮ್ಮ ಮನೆಯ ಪ್ಯಾಕೆಟ್ ಮೇಲೆ ಒಡೆದ ತಾರೀಕು ಬರೆದೆ. ಇರುವುದು ನಾವಿಬ್ಬರೇ. ಒಂದು ಕೆಜಿ 45 ದಿನಕ್ಕೆ ಖಾಲಿ. ಲೆಕ್ಕ ಹಾಕಿದರೆ ದಿನಕ್ಕೆ ತಲೆಗೆ 11 ಗ್ರಾಂ, ಎರಡು ಪಟ್ಟಿಗಿಂತ ಜಾಸ್ತಿ. ಈಗ ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಪಕ್ಕದಲ್ಲಿ ಇಡುವುದಿಲ್ಲ. ಮೊದಲ ವಾರ ಸಾರು ಸಪ್ಪೆ ಅನ್ನಿಸಿತು, ಆಮೇಲೆ ನಾಲಿಗೆ ಒಗ್ಗಿತು. ನೀವೂ ತಾರೀಕು ಬರೆದಿಡಿ. ಲೆಕ್ಕ ಮಕ್ಕಳು ಮಾಡಲಿ, ಭಾಗಾಕಾರವೂ ಬರುತ್ತದೆ.

ಇನ್ನು ನಿದ್ದೆ. ಮೊದಲ ಪೀರಿಯಡ್‌ನಲ್ಲೇ ತೂಕಡಿಸುವವರನ್ನು ಕೇಳಿದರೆ ರಾತ್ರಿ ಹನ್ನೊಂದರವರೆಗೆ ಮೊಬೈಲ್ ಅಂತಾರೆ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಕನಿಷ್ಠ 9 ಗಂಟೆ ನಿದ್ದೆ ಬೇಕು. ದಿನಕ್ಕೆ ಒಂದು ಗಂಟೆ ಓಡಾಟ, ಆಟವೂ ಬೇಕು. ಟ್ಯೂಷನ್ ಇದೆ ಅಂತ ಆಟ ಬಿಡಿಸಬೇಡಿ.

ಇನ್ನೊಂದು ಮಾತು, ಬೇಜಾರಾದರೂ ಸರಿ. ಮಗನನ್ನು ಅಂಗಡಿಗೆ ಕಳಿಸಿ ಬೀಡಿ, ಗುಟ್ಕಾ ತರಿಸಬೇಡಿ. ನಮ್ಮ ಕರ್ನಾಟಕದಲ್ಲಿ ಈಗ 21 ತುಂಬದವರಿಗೆ ತಂಬಾಕು ಮಾರುವುದೇ ಕಾನೂನಿನ ಪ್ರಕಾರ ತಪ್ಪು. ಇವತ್ತು ತಂದುಕೊಡುವ ಹುಡುಗ ನಾಳೆ ತನಗೂ ಒಂದು ಇಟ್ಟುಕೊಳ್ಳುತ್ತಾನೆ, ಅಲ್ವಾ?

ಬರುವ ಶನಿವಾರ ಬೆಳಗ್ಗೆ ಹತ್ತಕ್ಕೆ ಪೋಷಕರ ಸಭೆ ಇದೆ. ಆ ಮುತ್ತಜ್ಜಿ ಬರಲು ಒಪ್ಪಿದ್ದಾರೆ. ನಿಮ್ಮ ಮನೆಯ ಹಿರಿಯರನ್ನೂ ಕರೆದುಕೊಂಡು ಬನ್ನಿ. ನೆರಳಲ್ಲಿ ಕುರ್ಚಿ ಹಾಕಿಸಿರುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ